ಜಡ್ಡಿನವರ ಬ್ರೆಡ್ಡು

ಗುರುಗುಂಟಾದ ಅಂಬಪ್ಪನ ಮಗಳು ಮಾರೆಮ್ಮನಿಗೆ ನೌಕರಿಯ ಗಂಡು ಗೊತ್ತಾದಾಗ, ಇನ್ನು ಈಕೆಯ ಕಾಲಿಗೆ ಹೊಲದ ಮಣ್ಣು ಹತ್ತುವುದಿಲ್ಲ ಬಿಡು ಎಂದು ಕೇರಿಯ ಹೆಂಗಸರು ಮಾತಾಡಿಕೊಂಡರು. ಅಂಬಪ್ಪ ಮಂದಿಯ ಕುರಿ ಕಾಯುತ್ತಿದ್ದವನು. ಮಗಳನ್ನು ಏಳನೆಯ ತರಗತಿಯವರೆಗೆ ಓದಿಸಿದ್ದೇ ಅವನಿಗೊಂದು ದೊಡ್ಡಸ್ತಿಕೆ. ಗಂಡು ಯಂಕೋಬ ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದ, ಮೆಲ್ಲಗೆ ಮಾತಾಡುತ್ತಿದ್ದ, ಕುಡಿಯುತ್ತಿರಲಿಲ್ಲ. ಎಂಬತ್ತೈದರ ಬೇಸಿಗೆಯಲ್ಲಿ ಮದುವೆಯಾಯಿತು. ಮಾರೆಮ್ಮನಿಗೆ ಆಗ ಹತ್ತೊಂಬತ್ತು.

ಕ್ವಾರ್ಟರ್ಸಿನಲ್ಲಿ ಎರಡು ಖೋಲಿ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಮನೆಯಲ್ಲಿ ಗಂಡ ಮತ್ತು ಅತ್ತೆ ಮುದುಕಮ್ಮ, ಇಷ್ಟೇ ಸಂಸಾರ. ಮೂರನೆಯ ದಿನ ಯಂಕೋಬ ಹೆಂಡತಿಯನ್ನು ಕೂರಿಸಿಕೊಂಡು ಈ ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದಿಲ್ಲ ಎಂದ. ಸಿಟ್ಟಿನಿಂದ ಹೇಳಲಿಲ್ಲ, ತನ್ನ ಹುಟ್ಟೂರು ಗೊರೇಬಾಳದ ಕಥೆ ಹೇಳಿದ. ಅಪ್ಪ ಸತ್ತ ಮೇಲೆ ಅವ್ವ ದೊಡ್ಡವರ ಮನೆಯ ದನದ ಕೊಟ್ಟಿಗೆ ಗುಡಿಸುತ್ತಿದ್ದಳು. ಸಂಜೆ ಬುಟ್ಟಿ ಹಿಡಿದು ಒಂದೊಂದೇ ಮನೆಯ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೈಗೆ ಕೈ ತಾಗದಂತೆ ಅವರು ಮೇಲಿನಿಂದ ತಂಗಳ ರೊಟ್ಟಿ ಬಿಡುತ್ತಿದ್ದರು. ಬಿಸಿಲಿಗೆ ಒಣಗಿಸಿಟ್ಟ ಆ ರೊಟ್ಟಿಯ ಚೂರನ್ನೇ ನೀರಿನಲ್ಲಿ ನೆನೆಸಿ ತಿಂದು ಯಂಕೋಬ ಬೆಳೆದ.

"ಆ ವಾಸನಿ ಬಂದ್ರ ಸಾಕು, ನನಗ ಆ ಹಿತ್ತಲ ಬಾಗಲಾನ ಕಣ್ಣ ಮುಂದ ಬರ್ತಾವ. ನೌಕರಿ ಆರ್ಡರ್ ಬಂದ ದಿನಾನ ಅವ್ವಗ ಹೇಳೀನಿ. ನಮ್ಮ ಮನ್ಯಾಗ ಚಪಾತಿ, ಅನ್ನ. ಅಷ್ಟ."

ಮಾರೆಮ್ಮನಿಗೆ ಅವನ ಮೇಲೆ ಮಮತೆ ಹುಟ್ಟಿದ್ದು ಆ ಗಳಿಗೆಯಲ್ಲಿಯೇ. ಕೈ ತಪ್ಪುತ್ತಿದ್ದರೂ ಲಟ್ಟಣಿಗೆ ಹಿಡಿದು ಚಪಾತಿ ಕಲಿತಳು. ಮೊದಮೊದಲು ನಕ್ಷೆಯ ಹಾಗೆ ಸೊಟ್ಟಗೆ ಬಂದವು. ತಿಂಗಳಲ್ಲಿ ದುಂಡಗಾದವು.

ಆರು ತಿಂಗಳಿಗೆ ಹೊಟ್ಟೆಯ ತಕರಾರು ಶುರುವಾಯಿತು. ಉಂಡ ಮೇಲೆ ಹೊಟ್ಟೆ ಉಬ್ಬಿ ತಮಟೆಯಂತಾಗುತ್ತಿತ್ತು. ದಿನಕ್ಕೆ ಐದಾರು ಸಲ ಚೊಂಬು ಹಿಡಿದು ಓಡಬೇಕು. ಕ್ವಾರ್ಟರ್ಸಿನ ಎಂಟು ಮನೆಗಳಿಗೆ ಪಾಯಖಾನೆ ಒಂದೇ, ಈಕೆ ಓಡುವುದನ್ನು ಎಲ್ಲರೂ ನೋಡುತ್ತಿದ್ದರು. ಬಾಯಲ್ಲಿ ಹುಣ್ಣಾಗಿ ಖಾರ ಮುಟ್ಟಲಾಗದು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಯಂಕೋಬ ಬಸ್ ಸ್ಟ್ಯಾಂಡಿನ ಹತ್ತಿರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕರುಳು ಮೆತ್ತಗಾಗಿದೆ, ಗಟ್ಟಿ ಊಟ ಬೇಡ, ಹಾಲು ಬ್ರೆಡ್ಡು ಕೊಡಿ ಎಂದರು.

ಆಗ ಆ ಕಡೆ ಬ್ರೆಡ್ಡು ಜಡ್ಡಿನವರ ಊಟ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಯಾರಾದರೂ ಹೋಗುತ್ತಿದ್ದರೆ, ಮನೆಯಲ್ಲಿ ಯಾರಿಗೆ ಆರಾಮಿಲ್ಲ ಎಂದು ಕೇಳುವರು. ಯಂಕೋಬ ದಿನಾ ಸಂಜೆ ಸೈಕಲ್ಲಿಗೆ ಬ್ರೆಡ್ಡಿನ ಪೊಟ್ಟಣ ಸಿಕ್ಕಿಸಿಕೊಂಡು ಬರುತ್ತಿದ್ದ. ಬಿಸಿ ಹಾಲಿಗೆ ತಾನೇ ಚೂರು ಮಾಡಿ ಹಾಕಿ, ಸಕ್ಕರೆ ಉದುರಿಸಿ, ಬಟ್ಟಲು ಹಿಡಿದು ಹತ್ತಿರ ಕೂರುತ್ತಿದ್ದ. ಒಲ್ಲೆ ಎಂದರೆ ಇನ್ನೊಂದು ತುತ್ತು ಎಂದು ಒತ್ತಾಯ ಮಾಡುತ್ತಿದ್ದ. ಹೆಂಡತಿಯನ್ನು ಅಷ್ಟು ಜತನ ಮಾಡುವ ಗಂಡಸನ್ನು ಮಾರೆಮ್ಮ ತನ್ನ ಕೇರಿಯಲ್ಲಿ ನೋಡಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಆಕೆಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಆ ಬಟ್ಟಲಿನ ನೆನಪೇ.

ಮೊದಲ ಬಸಿರು ಮೂರು ತಿಂಗಳಿಗೆ ಇಳಿಯಿತು. ಸುಧಾರಿಸಿಕೊಳ್ಳಲಿ ಎಂದು ತವರಿಗೆ ಕಳಿಸಿದರು. ಗುರುಗುಂಟಾದಲ್ಲಿ ಬ್ರೆಡ್ಡು ಎಲ್ಲಿಂದ ಬರಬೇಕು. ಬಿಸಿ ರೊಟ್ಟಿ, ಪುಂಡಿಪಲ್ಯ, ಜೋಳದ ನುಚ್ಚು, ಮಜ್ಜಿಗೆ. ಎರಡು ತಿಂಗಳಲ್ಲಿ ಹೊಟ್ಟೆ ಇಳಿಯಿತು, ಬಾಯ ಹುಣ್ಣು ಮಾಯ್ದವು, ಬಳೆ ಮುಂಗೈಯಲ್ಲಿ ನಿಂತಿತು. ತವರಿನ ನೀರು ಹಿಡಿಸಿತು ಎಂದು ಎಲ್ಲರೂ ತಿಳಿದರು. ಮಾರೆಮ್ಮನೂ ಹಾಗೆಯೇ ತಿಳಿದಳು. ಆದರೂ ಏನೋ ಅನಿಸಿ, ತಿರುಗಿ ಬರುವಾಗ ಒಂದು ಚೀಲ ಜೋಳದ ಹಿಟ್ಟು ಹೊತ್ತುಕೊಂಡು ಬಂದಳು. ಒಂದು ಹೊತ್ತು ತನಗಷ್ಟೇ ಒಂದು ರೊಟ್ಟಿ ಬಡಿದುಕೊಳ್ಳಲೇ ಎಂದು ಗಂಡನನ್ನು ಕೇಳಿದಳು. ಬೆಳಿಗ್ಗೆ ನೋಡಿದರೆ ಚೀಲ ಇರಲಿಲ್ಲ. ಯಂಕೋಬ ಅದನ್ನು ಪಕ್ಕದ ಮನೆಯ ಜೈನಾಬೀಗೆ ಕೊಟ್ಟು ಬಂದಿದ್ದ. ಜೈನಾಬೀಯ ಗಂಡ ಮಕ್ತುಮ್‌ಸಾಬ್ ಅದೇ ಕಚೇರಿಯ ಜೀಪಿನ ಡ್ರೈವರ್. ಅವರ ಮನೆಯಲ್ಲಿ ದಿನಾ ರೊಟ್ಟಿಯೇ ಆಗುತ್ತಿತ್ತು.

ಸಿಂಧನೂರಿಗೆ ಬಂದು ಎರಡು ತಿಂಗಳಾಗುವುದರೊಳಗೆ ಮಾರೆಮ್ಮ ಮತ್ತೆ ಹಾಸಿಗೆ ಹಿಡಿದಳು. ಮತ್ತೆ ಹಾಲು, ಬ್ರೆಡ್ಡು. ಎರಡನೆಯ ಬಸಿರು ಏಳನೆಯ ತಿಂಗಳವರೆಗೆ ನಿಂತಿತು. ಹೆಣ್ಣು ಕೂಸು, ಅಂಗೈಯಗಲ, ಒಂದು ದಿನ ಉಸಿರಾಡಿತು. ಮತ್ತೆ ತವರು, ಮತ್ತೆ ಮೈ ತುಂಬಿಕೊಂಡು ಬಂದಳು, ಮತ್ತೆ ಬಿದ್ದಳು. ಮೂರು ವರ್ಷದಲ್ಲಿ ಇದು ನಾಲ್ಕು ಸಲ ನಡೆಯಿತು. ಕ್ಷಯವೇನೋ ಎಂದು ಒಬ್ಬರು ಸೂಜಿ ಹಾಕಿದರು, ಜಂತು ಎಂದು ಇನ್ನೊಬ್ಬರು ಗುಳಿಗೆ ಕೊಟ್ಟರು. ಬ್ರೆಡ್ಡು ಬೇಡ ಎಂದು ಯಾರೂ ಹೇಳಲಿಲ್ಲ.

ಮುದುಕಮ್ಮ ಕೆಟ್ಟ ಹೆಂಗಸಲ್ಲ. ಸೊಸೆಯ ಬಟ್ಟೆ ಒಗೆದಳು, ತಲೆ ಬಾಚಿದಳು. ಆದರೆ ಕಣ್ಣೆದುರು ಕಂಡದ್ದನ್ನು ಕೂಡಿಸಿ ನೋಡಿ ಆಕೆ ಒಂದು ತೀರ್ಮಾನಕ್ಕೆ ಬಂದಿದ್ದಳು. ಒಂದು ಸಂಜೆ ಮಗ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಸೊಸೆಗೆ ಕೇಳಿಸುವ ಹಾಗೆಯೇ ಹೇಳಿದಳು.

"ತವರಾಗ ಆರಾಮ, ಇಲ್ಲಿ ಜಡ್ಡು. ಇದ್ಯಾವ ಜಡ್ಡಪ್ಪ? ಈಕಿಗೆ ಏನೂ ಆಗಿಲ್ಲ ಯಂಕೋಬ. ನಮ್ಮ ಮನಿ ಬ್ಯಾಡಾಗೈತಿ."

ಮಾರೆಮ್ಮ ಒಳಗಿನಿಂದ ಕೇಳಿಸಿಕೊಂಡಳು. ತವರಿನಲ್ಲಿ ಆರಾಮಾಗುತ್ತಿದ್ದದ್ದು ಖರೇನೇ ಇತ್ತು. ಯಂಕೋಬ ಆವತ್ತಿನಿಂದ ಬ್ರೆಡ್ಡಿನ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು ಹೋಗತೊಡಗಿದ. ಹಾಲಿನ ಬಟ್ಟಲು ಹಿಡಿದು ಹತ್ತಿರ ಕೂರುವುದು ನಿಂತಿತು.

ಎಂಬತ್ತೊಂಬತ್ತರಲ್ಲಿ ನಾಲ್ಕು ಜನ ಹಿರಿಯರು ಕೂಡಿದರು. ಯಂಕೋಬ ಸರ್ಕಾರಿ ನೌಕರ. ಇನ್ನೊಂದು ಮದುವೆಯಾಗಬೇಕೆಂದರೆ ಕಾಗದ ಸರಿಯಿರಬೇಕು. ಸೋಡಚೀಟಿ, ಅಂದರೆ ಗಂಡಹೆಂಡತಿ ಬಿಟ್ಟ ಪತ್ರ, ಬರೆಸಿದರು. "ನನಗೆ ತೀರದ ಕಾಯಿಲೆ ಇರುವ ಕಾರಣ ಸಂಸಾರ ನಡೆಸಲು ಶಕ್ತಳಲ್ಲ, ನನ್ನ ಸ್ವಖುಷಿಯಿಂದ ಬಿಡುಗಡೆ ಕೊಟ್ಟಿರುತ್ತೇನೆ" ಎಂದಿತ್ತು. ಬಂದ ಹಿರಿಯರಲ್ಲಿ ಇಬ್ಬರು ಹೆಬ್ಬೆಟ್ಟಿನವರು. ಮಾರೆಮ್ಮ ಓದಬಲ್ಲವಳು, ಎರಡು ಸಲ ಓದಿಕೊಂಡಳು. ಸ್ವಖುಷಿ ಎಂಬ ಮಾತಿನ ಮೇಲೆ ಬೆರಳಿಟ್ಟು ಅಪ್ಪನ ಮುಖ ನೋಡಿದಳು. ಅಂಬಪ್ಪ ನೆಲ ನೋಡುತ್ತಿದ್ದ. ಆಕೆ ಸಹಿ ಮಾಡಿದಳು.

ಬಸ್ಸಿಗೆ ಕಳಿಸಲು ಯಂಕೋಬನೇ ಬಂದ. ಕಣ್ಣು ಕೆಂಪಗಾಗಿದ್ದವು. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಒಂದು ಬ್ರೆಡ್ಡಿನ ಪೊಟ್ಟಣ ಕೊಟ್ಟು, ದಾರಿಯಲ್ಲಿ ಹಸಿವಾದರೆ ತಿನ್ನು ಎಂದ. ಮಸ್ಕಿ ದಾಟುವುದರೊಳಗೆ ಮಾರೆಮ್ಮ ಎರಡು ತುಂಡು ತಿಂದಳು.

ಗುರುಗುಂಟಾದಲ್ಲಿ ನಾಲ್ಕೈದು ತಿಂಗಳಿಗೆ ಮೊದಲಿನಂತಾದಳು. ಕಳೆ ಕೀಳಲು ಹೋದಳು, ಹುಲ್ಲಿನ ಹೊರೆ ಹೊತ್ತಳು. ಈಗ ಊರವರದು ಬೇರೆ ಪ್ರಶ್ನೆ. ಇಷ್ಟು ಗಟ್ಟಿ ಇದ್ದಾಳೆ, ಹಾಗಾದರೆ ಗಂಡ ಬಿಟ್ಟಿದ್ದು ಯಾಕೆ? ಜಡ್ಡು ಎಂದು ಬರೆದುಕೊಟ್ಟು ಬಂದವಳು ಜಡ್ಡಿಲ್ಲದೆ ತಿರುಗಾಡುವುದು ಯಾರಿಗೂ ಸರಿಬರಲಿಲ್ಲ. ಅಪ್ಪನೂ ಒಂದೊಂದು ಸಲ ಊಟದ ನಡುವೆ ತನ್ನ ಕಡೆ ಒಂಥರಾ ನೋಡುವುದು ಆಕೆಗೆ ಕಾಣುತ್ತಿತ್ತು.

ತೊಂಬತ್ತೊಂದರಲ್ಲಿ ಮಸ್ಕಿಯ ಒಂದು ಅಂಗನವಾಡಿಯಲ್ಲಿ ಆಯಾ ಕೆಲಸ ಸಿಕ್ಕಿತು. ಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಳು. ಕೆಲಸ ಹಿಡಿಸಿತು. ಮಕ್ಕಳನ್ನು ಮನೆಯಿಂದ ಕರೆತರುವುದು, ಮೂಗು ಒರೆಸುವುದು, ಹತ್ತು ಗಂಟೆಗೆ ಗೋಧಿ ರವೆಯ ಉಪ್ಪಿಟ್ಟು ಮಾಡುವುದು. ಮಕ್ಕಳಿಗೆ ಹಾಕಿ ಉಳಿದದ್ದು ಆಯಾಳದು. ಒಬ್ಬಳಿಗಾಗಿ ಒಲೆ ಹಚ್ಚುವುದು ಯಾಕೆಂದು ಮಾರೆಮ್ಮ ಅದನ್ನೇ ಉಂಡು ದಿನ ತೆಗೆದಳು. ವರ್ಷ ತುಂಬುವುದರೊಳಗೆ ಹೊಟ್ಟೆ ಉಬ್ಬಿತು. ಚೊಂಬು ಕೈಗೆ ಬಂತು. ಬಾಯಿ ಹುಣ್ಣಾಯಿತು.

ಆಗ ಆಕೆಗೆ ಹೆದರಿಕೆಗಿಂತ ಹೆಚ್ಚಾಗಿ ಅವಮಾನವಾಯಿತು. ಇಲ್ಲಿ ಅತ್ತೆ ಇಲ್ಲ, ಗಂಡ ಇಲ್ಲ, ಆ ಮನೆ ಇಲ್ಲ. ಹಾಗಿದ್ದ ಮೇಲೆ ಜಡ್ಡು ತನ್ನದೇ. ಕಾಗದದಲ್ಲಿ ಬರೆದದ್ದು ಸುಳ್ಳಲ್ಲ. ಹೀಗಂದುಕೊಂಡು ಯಾರಿಗೂ ಹೇಳದೆ ಆರು ತಿಂಗಳು ನೂಕಿದಳು. ಒಂದು ದಿನ ನೀರಿನ ಕೊಡ ಹೊತ್ತುಕೊಂಡೇ ಬಿದ್ದಳು. ಅಂಗನವಾಡಿಯ ಟೀಚರು ಆಕೆಯನ್ನು ಲಿಂಗಸುಗೂರಿನ ಸರ್ಕಾರಿ ದವಾಖಾನೆಗೆ ಕಳಿಸಿದಳು.

ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರು ಚಿಕ್ಕ ವಯಸ್ಸಿನವನು. ಪಂಜಾಬಿನ ಕಡೆ ಓದಿ ಬಂದವನು. ಎಲ್ಲರೂ ಯಾವಾಗಿನಿಂದ ಜಡ್ಡು ಎಂದು ಕೇಳಿದ್ದರು. ಇವನು ಯಾವಾಗ ಆರಾಮಿದ್ದಿ ಎಂದು ಕೇಳಿದ. ಮದುವೆಗೆ ಮುಂಚೆ, ಆಮೇಲೆ ತವರಿಗೆ ಹೋದಾಗೆಲ್ಲ, ಆಮೇಲೆ ಗಂಡ ಬಿಟ್ಟ ಮೇಲೆ, ಎಂದಳು ಮಾರೆಮ್ಮ. ಅಲ್ಲಿ ಏನು ಉಣ್ಣುತ್ತಿದ್ದೆ? ರೊಟ್ಟಿ. ಗಂಡನ ಮನೆಯಲ್ಲಿ? ಚಪಾತಿ, ಜಡ್ಡಾದಾಗ ಬ್ರೆಡ್ಡು. ಮಸ್ಕಿಯಲ್ಲಿ? ಗೋಧಿ ರವೆ. ಡಾಕ್ಟರು ಪೆನ್ನು ಕೆಳಗಿಟ್ಟ. ಕೆಲವರ ಕರುಳಿಗೆ ಗೋಧಿಯೇ ಆಗಿಬರುವುದಿಲ್ಲ, ಉಂಡದ್ದು ಮೈಗೆ ಹತ್ತಲು ಬಿಡುವುದಿಲ್ಲ, ಆ ಕಡೆ ಮಕ್ಕಳಲ್ಲಿ ಬಹಳ ನೋಡಿದ್ದೇನೆ ಎಂದು ಬಿಡಿಸಿ ಹೇಳಿದ. ಪಕ್ಕಾ ಹೇಳುವ ಪರೀಕ್ಷೆ ಇಲ್ಲಿಲ್ಲ, ಎರಡು ತಿಂಗಳು ಬಿಟ್ಟು ನೋಡು ಎಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದ: ಗೋಧಿ, ರವೆ, ಮೈದಾ, ಬಿಸ್ಕೀಟು, ಬ್ರೆಡ್ಡು ಬಂದ್.

"ಬ್ರೆಡ್ಡು ಸೈತ ಏನ್ರೀ?" ಎಂದಳು ಮಾರೆಮ್ಮ. "ಅದು ಜಡ್ಡಿನವ್ರಿಗೆ ಕೊಡೂದಲ್ಲೇನ್ರಿ?"

"ಎಲ್ಲಕ್ಕಿಂತ ಮೊದಲು ಬ್ರೆಡ್ಡು ಬಿಡು" ಎಂದ ಡಾಕ್ಟರು.

ಎರಡು ತಿಂಗಳ ಮೇಲೆ ಹೋದಾಗ ಡಾಕ್ಟರಿಗೆ ಮೊದಲು ಗುರುತೇ ಸಿಗಲಿಲ್ಲ. ಖುಷಿಯಾದ. ಜೀವ ಇರುವತನಕ ಹೀಗೆಯೇ ಇರಬೇಕು ಎಂದು ಹೇಳಿ, ಹೊಸ ಚೀಟಿಯಲ್ಲಿ ಕಾಯಿಲೆಯ ಹೆಸರು, ಕಾರಣ ಎಲ್ಲ ಬರೆದು ಸಹಿ ಹಾಕಿದ. ಮಾರೆಮ್ಮ ಎದ್ದವಳು ಮತ್ತೆ ಕೂತು, ಆ ಕೂಸುಗಳು ಹೋಗಿದ್ದೂ ಇದರಿಂದಲೇ ಏನ್ರೀ ಎಂದು ಕೇಳಿದಳು. ಅವನು ಹಾಗೆ ಪಕ್ಕಾ ಹೇಳಲು ಬರುವುದಿಲ್ಲ, ಉಳಿಯಬಹುದಿತ್ತು ಎಂದ. ಆಮೇಲೆ ಮುಂದಿನವರನ್ನು ಕರೆದ.

ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾರೆಮ್ಮ ಮಸ್ಕಿಯ ಎರಡು ಬಸ್ಸು ಬಿಟ್ಟಳು. ಉಳಿಯಬಹುದಿತ್ತು. ಇಲ್ಲ ಎಂದಿದ್ದರೆ ಅತ್ತು ಮುಗಿಸುತ್ತಿದ್ದಳು. ಹೌದು ಎಂದಿದ್ದರೆ ಬೈದು ಮುಗಿಸುತ್ತಿದ್ದಳು. ಈ ಮಾತಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಮರುವಾರ ರಜೆ ಹಾಕಿ ಸಿಂಧನೂರಿಗೆ ಹೋದಳು. ಏನನ್ನೂ ಬೇಡಲು ಹೊರಟಿರಲಿಲ್ಲ. ಯಂಕೋಬನಿಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ದಢೇಸುಗೂರಿನ ಹುಡುಗಿ, ಒಂದು ಗಂಡುಮಗು ಇದೆ ಎಂದು ಆಕೆಗೆ ಗೊತ್ತಿತ್ತು. ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತು ಹೇಳಿ ಕಳಿಸಿದಳು. ಅವನು ಬಂದ, ಹೊಟ್ಟೆ ಸ್ವಲ್ಪ ಬಂದಿತ್ತು, ಕನ್ನಡಕ ಹಾಕಿದ್ದ. ಆರಾಮಿದ್ದೀಯಾ ಎಂದ. ಆಕೆ ಚೀಟಿ ಕೈಗೆ ಕೊಟ್ಟಳು.

ಯಂಕೋಬ ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ. ಕಾಗದ ಓದುವುದೇ ಅವನ ನೌಕರಿ. ತಿಳಿಯದೆ ಹೋಗುವುದು ಸಾಧ್ಯವಿರಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ನಾನ ನಿನ್ನ ಬಾಯಿಗೆ ಇಟ್ಟೀನಿ."

"ನಿಮ್ಮ ತಪ್ಪು ಅನ್ನಾಕ ಬಂದಿಲ್ರಿ ನಾ" ಎಂದಳು ಮಾರೆಮ್ಮ. "ನಿಮಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ನಿಮ್ಮವ್ವಗ ಒಂದು ಮಾತು ಹೇಳ್ರಿ. ಮಾರೆವ್ವ ನಾಟಕ ಮಾಡಿದ್ದಿಲ್ಲ ಅಂತ. ಆ ಹಿರ್‍ಯಾರಿಗೂ ಹೇಳ್ರಿ. ಅಷ್ಟ ಸಾಕು."

ಯಂಕೋಬ ಕಚೇರಿಯ ಬಾಗಿಲ ಕಡೆ ನೋಡಿದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ.

"ಇದು ನಮ್ಮಿಬ್ಬರಾಗ ಇರ್ಲಿ ಮಾರೆವ್ವ. ಈಗ ಹೇಳಿದ್ರ ಏನಾಗ್ತೈತಿ? ನಾನ ಉಣಿಸಿ ಕೆಡಿಸಿ, ಮ್ಯಾಲ ನಾನ ಹೊರಗ ಹಾಕ್ದೆ ಅಂದಂಗ ಆಗ್ತೈತಿ. ಮನ್ಯಾಗ ಈಗ ಎಲ್ಲಾ ಒಂದು ಹದಕ್ಕ ಬಂದೈತಿ."

ಹೇಳುತ್ತಾ ಚೀಟಿಯನ್ನು ತನ್ನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಬೇಕೆಂದು ಇಟ್ಟನೋ, ಕೈ ತಾನಾಗಿಯೇ ಹೋಯಿತೋ, ಮಾರೆಮ್ಮನಿಗೆ ಗೊತ್ತಾಗಲಿಲ್ಲ. ಆಕೆ ಕೈ ಚಾಚಿ ನಿಂತಳು. ಅವನು ಆ ಕೈಯನ್ನು ನೋಡಿ ಜೇಬಿನಿಂದ ತೆಗೆದು ಕೊಟ್ಟ. ಎರಡು ವರ್ಷ ಆಕೆಗೆ ತುತ್ತು ಮಾಡಿ ಉಣಿಸಿದವನು, ಚಹಾ ಕುಡಿದು ಹೋಗು ಎಂದು ಕೂಡ ಹೇಳಲಾರದೆ ಒಳಗೆ ಹೋದ.

ಅತ್ತೆಗೆ ತಾನೇ ಹೇಳಬೇಕೆಂದು ಮಾರೆಮ್ಮ ಕ್ವಾರ್ಟರ್ಸಿಗೆ ನಡೆದಳು. ಮನೆಗೆ ಬೀಗ. ಮುದುಕಮ್ಮ ಸೊಸೆಯ ಜೊತೆ ದಢೇಸುಗೂರಿಗೆ ಹೋಗಿದ್ದಾಳೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ ಎಂದು ಜೈನಾಬೀ ಹೇಳಿ, ಕೈ ಹಿಡಿದು ಒಳಗೆ ಕರೆದುಕೊಂಡಳು. ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಣ್ಣುತ್ತಾ ಮಾರೆಮ್ಮ ಎಲ್ಲವನ್ನೂ ಹೇಳಿದಳು. ಜೋಳ ಉಂಡಷ್ಟು ದಿನ ಆರಾಮಿದ್ದೆ, ಗೋಧಿ ಉಂಡಷ್ಟು ದಿನ ಸತ್ತೆ, ಇಷ್ಟೇ ಅಂತ ಜೈನವ್ವ, ಎಂದಳು. ಜೈನಾಬೀ ತವೆಯ ಮೇಲಿನ ರೊಟ್ಟಿ ಮಗುಚುವುದನ್ನು ಬಿಟ್ಟು ಕೂತುಬಿಟ್ಟಳು. ರೊಟ್ಟಿ ಸೀದ ವಾಸನೆ ಬಂತು.

"ನಿಮ್ಮತ್ತಿ ದಿನಾ ಮಧ್ಯಾಹ್ನ ಇಲ್ಲೇ ರೊಟ್ಟಿ ಉಣ್ತಿದ್ಲವ್ವ" ಎಂದಳು. "ಚಪಾತಿ ಆಕಿಗೆ ಒಗ್ಗಿದ್ದಿಲ್ಲ. ನೀ ತವರಿಂದ ತಂದಿದ್ದ ಹಿಟ್ಟು, ಅದನ್ನೂ ಆಕಿಗೇ ಬಡದು ಹಾಕೀನಿ. ಮಗಗ ಹೇಳಬ್ಯಾಡ ಅಂತ ಆಣಿ ಮಾಡ್ಸಿದ್ಲು. ಸೊಸೀನೂ ಕರಿ, ಒಂದು ರೊಟ್ಟಿ ತಿನ್ಲಿ ಪಾಪ ಅಂತ ಒಂದು ಸಲ ಅಂದೆ. ಬ್ಯಾಡ, ಹುಡುಗಿ, ಗಂಡನ ಮುಂದ ಬಾಯಿ ಬಿಡ್ತಾಳ ಅಂದ್ಲು."

ಮಾರೆಮ್ಮ ಗೋಡೆಯ ಕಡೆ ನೋಡಿದಳು. ಒಂದೇ ಗೋಡೆ ನಡುವೆ. ಆಚೆ ತಾನು ಕೌದಿ ಹೊದ್ದುಕೊಂಡು ಹಾಲು ಬ್ರೆಡ್ಡು ನುಂಗುತ್ತಿದ್ದಾಗ, ತನ್ನ ತವರಿನ ಜೋಳ ಈಚೆ ಇಲ್ಲಿ ಬೇಯುತ್ತಿತ್ತು. ಏಳಬೇಕೆನಿಸಿತು. ಆದರೆ ಬೆಳಿಗ್ಗೆಯಿಂದ ಏನೂ ಉಂಡಿರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದು, ಬಾಗಿಲಲ್ಲಿ ಹೋಗಿ ಕೂತಳು.

ಮುದುಕಮ್ಮ ಬಂದಾಗ ಬಗಲಲ್ಲಿ ಮೊಮ್ಮಗನಿದ್ದ. ಹಿಂದೆ ಬಂದ ಹೊಸ ಸೊಸೆ ಯಾರೋ ಏನೋ ಎಂದು ಬೀಗ ತೆಗೆದು ಒಳಗೆ ಹೋದಳು. ಮಾರೆಮ್ಮ ದನಿ ಎತ್ತದೆ ಎಲ್ಲ ಹೇಳಿದಳು. ಡಾಕ್ಟರ ಮಾತು, ಕೂಸುಗಳ ಮಾತು, ಕೊನೆಗೆ ಜೈನಾಬೀಯ ಮನೆಯ ರೊಟ್ಟಿಯ ಮಾತು. ಮುದುಕಮ್ಮ ಮಗುವನ್ನು ಇನ್ನಷ್ಟು ಅವುಚಿಕೊಂಡು ಕೇಳಿಸಿಕೊಂಡಳು.

"ನನ್ನ ಮಗನ ಎದುರು ರೊಟ್ಟಿ ತಿನ್ನಾಕ ನನಗ ಧೈರ್ಯ ಇದ್ದಿದ್ದಿಲ್ಲ" ಎಂದಳು. "ನಾ ತಂದ ರೊಟ್ಟಿ ತಿಂದ ಅವ ಬೆಳದಿದ್ದು, ಅದಕ್ಕ ಅವನಿಗೆ ಅದು ಹೇಸಿಕಿ. ನಾ ತಿನ್ನೂದು ನೋಡಿದ್ರ ನನ್ನೂ ಹೇಸತಾನೇನೋ ಅಂತ ಅಂಜಿದ್ದೆ. ಕದ್ದು ತಿನ್ನಾಕಿ ನಿನಗ ಹೆಂಗ ಕೊಡ್ಲಿ?"

ಆಮೇಲೆ ದನಿ ಇಳಿಸಿ, ಈ ಮಾತು ಈಗ ತೆಗೆಯಬೇಡ, ಒಳಗಿನ ಹುಡುಗಿಗೆ ಕೇಳಿಸುತ್ತದೆ ಎಂದಳು. ತಪ್ಪಾಯಿತು ಎನ್ನಲಿಲ್ಲ. ಮಾರೆಮ್ಮ ಕಾದದ್ದು ಆ ಒಂದು ಮಾತಿಗೆ. ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎದ್ದು ಮಸ್ಕಿಯ ಬಸ್ಸು ಹಿಡಿದಳು.

ಗೋಧಿ ಬಿಟ್ಟ ಮೇಲೆ ಬದುಕು ಸರಾಗವಾಯಿತು ಎನ್ನುವಂತಿರಲಿಲ್ಲ. ತನ್ನ ಪಾಲಿನ ಉಪ್ಪಿಟ್ಟನ್ನು ಮಕ್ಕಳಿಗೇ ಹೆಚ್ಚಿಗೆ ಹಾಕಿ ಆಕೆ ಮನೆಗೆ ಹೋಗಿ ರೊಟ್ಟಿ ಉಣ್ಣುತ್ತಿದ್ದಳು. ಅದು ಮೇಲಿನ ಓಣಿಯ ತಾಯಂದಿರ ಕಣ್ಣಿಗೆ ಬಿತ್ತು. ಕೇರಿಯ ಹೆಂಗಸು ಮಾಡಿದ್ದನ್ನು ತಮ್ಮ ಮಕ್ಕಳು ಉಣ್ಣುವುದೇ ಅವರಿಗೆ ಮೊದಲಿನಿಂದ ಮನಸ್ಸಿಗೆ ಒಗ್ಗಿರಲಿಲ್ಲ. ಹೇಳಲು ನೆಪ ಇರಲಿಲ್ಲ. ಈಗ ಸಿಕ್ಕಿತು. ತಾನು ಬಾಯಿಗೆ ಹಾಕದ್ದನ್ನು ನಮ್ಮ ಮಕ್ಕಳಿಗೆ ಹಾಕುತ್ತಾಳೆ, ಅದರಲ್ಲಿ ಏನಿದೆಯೋ, ಎಂದರು. ಮಕ್ಕಳು ಬರುವುದು ಕಡಿಮೆಯಾಯಿತು. ಮೇಲ್ವಿಚಾರಕಿ ಬಂದಳು. ಮಾರೆಮ್ಮ ಚೀಟಿ ತೋರಿಸಿದಳು. ಆಕೆ ಓದಿ, ಪಾಪ ಎಂದಳು. ಆದರೆ ದಿನಾ ಎಲ್ಲರ ಮುಂದೆ ಒಂದೇ ಒಂದು ಚಮಚ ಬಾಯಿಗೆ ಹಾಕಿಕೊಂಡುಬಿಡು, ಒಂದು ಚಮಚಕ್ಕೆ ಏನಾಗುತ್ತದೆ, ಎಂದಳು.

ಎಂಟು ದಿನ ಮಾರೆಮ್ಮ ತಾಯಂದಿರ ಮುಂದೆ ನಿಂತು ಒಂದೊಂದು ಚಮಚ ನುಂಗಿದಳು. ಒಂಬತ್ತನೆಯ ದಿನ ಹೊಟ್ಟೆ ಹಿಡಿದುಕೊಂಡು, ತಿನ್ನಂಗಿಲ್ಲ ಎಂದಳು. ಮೇಲಿನ ಓಣಿಯ ಒಬ್ಬ ಹೆಂಗಸನ್ನು ಅಡುಗೆಗೆ ಇಟ್ಟುಕೊಂಡರು. ಮಾರೆಮ್ಮನಿಗೆ ನೀರು ತುಂಬುವ, ಅಂಗಳ ನೋಡಿಕೊಳ್ಳುವ ಕೆಲಸ ಉಳಿಯಿತು. ಆ ವಾರವೇ ಮಕ್ಕಳೆಲ್ಲ ತಿರುಗಿ ಬಂದರು.

ಮೂವತ್ತಕ್ಕೆ ಆಕೆ ನೋಡುವಂತಿದ್ದಳು. ಕೆನ್ನೆ ತುಂಬಿದ್ದವು, ಎರಡು ಕೊಡ ನೀರು ಒಟ್ಟಿಗೆ ಎತ್ತುತ್ತಿದ್ದಳು. ಹೊಸದಾಗಿ ಓಣಿಗೆ ಬಂದವರು ಇಷ್ಟು ಗಟ್ಟಿ ಹೆಂಗಸು ಒಂಟಿ ಯಾಕೆ ಇದ್ದಾಳೆ ಎಂದು ಕೇಳುವರು. ಮೊದಮೊದಲು ಮಾರೆಮ್ಮ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಗೋಧಿಯಿಂದ ಎಂದರೆ ಜನ ನಗುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟಳು.